ಹಾಲಮ್ಮ ಮತ್ತು ಆಚೆ ತಾಲೂಕಿನ ಬೀಗದಕೈ

ಹಾಲಮ್ಮನ ಸೊಂಟದಲ್ಲಿ ಒಂದು ಬೀಗದಕೈ ನೇತಾಡುತ್ತಿತ್ತು. ಹಳೇ ಕಾಲದ ಕಬ್ಬಿಣದ್ದು, ತೂಕದ್ದು. ಆಕೆ ನಡೆದರೆ ಅದು ಸೊಂಟದ ಡಾಬಿಗೆ ಬಡಿದು ಟಣ್ ಟಣ್ ಅನ್ನುತ್ತಿತ್ತು. ಹಾಗಾಗಿ ಆಕೆ ಬೀದಿಯ ತಿರುವಿನಲ್ಲಿ ಕಾಣಿಸುವ ಮೊದಲೇ ಜನ ಬೀಡಿ ಎಸೆದು, ಇಸ್ಪೀಟು ಮುಚ್ಚಿ, ಏನೋ ಕೆಲಸ ಇದ್ದವರ ಹಾಗೆ ಎದ್ದು ನಿಲ್ಲುತ್ತಿದ್ದರು. ಹೊಸಬರು ಅದನ್ನು ನೋಡಿ ಇದು ಯಾರೋ ದೊಡ್ಡ ಮನೆಯ ಯಜಮಾನಿ, ಕಣಜದ ಬೀಗದಕೈ ಇಟ್ಟುಕೊಂಡಿದ್ದಾಳೆ ಅಂದುಕೊಳ್ಳುತ್ತಿದ್ದರು. ಕಣಜವೂ ಇಲ್ಲ, ಮಣ್ಣೂ ಇಲ್ಲ. ಆ ಬೀಗದಕೈಯಿಂದ ತೆಗೆಯುವ ಬೀಗ ಆಕೆಯ ಮನೆಯಲ್ಲಿರಲಿಲ್ಲ, ಆಕೆಯ ಊರಲ್ಲಿರಲಿಲ್ಲ, ಆಕೆಯ ತಾಲೂಕಿನಲ್ಲೇ ಇರಲಿಲ್ಲ. ಆಕೆ ಇದ್ದದ್ದು ಶಿಕಾರಿಪುರ ತಾಲೂಕಿನ ನೇರಲಕೊಪ್ಪದಲ್ಲಿ. ಬೀಗ ಇದ್ದದ್ದು ಹಳ್ಳದ ಆಚೆ, ಸೊರಬ ತಾಲೂಕಿಗೆ ಸೇರಿದ ಸಂಪಿಗೆಹಕ್ಲಿನ ದನದ ದೊಡ್ಡಿಯ ಬಾಗಿಲಿಗೆ.

ನಾನು ಕೃಷಿ ಇಲಾಖೆಯವಳು. ಶಿಕಾರಿಪುರಕ್ಕೆ ವರ್ಗವಾಗಿ ಬಂದ ಹೊಸತರಲ್ಲಿ ಒಂದು ಯೋಜನೆ ನನ್ನ ಕೊರಳಿಗೆ ಬಿತ್ತು. ಭತ್ತ ಕೊಯ್ದ ಮೇಲೆ ಗದ್ದೆಯಲ್ಲಿ ಇನ್ನೂ ತೇವ ಇರುತ್ತದೆ. ಆ ತೇವದಲ್ಲೇ ಉದ್ದು ಚೆಲ್ಲಿದರೆ ಮತ್ತೆ ನೀರು ಕಟ್ಟುವ ಹಂಗಿಲ್ಲದೆ ಒಂದು ಬೆಳೆ ಬರುತ್ತದೆ. ಮನೆಗೆ ಬೇಳೆ, ಭೂಮಿಗೆ ಸಾರ. ಕಾಗದದ ಮೇಲೆ ಇದಕ್ಕಿಂತ ಚೆಂದದ ಯೋಜನೆ ಇಲ್ಲ. ನಾನು ಬೀಜದ ಚೀಲಗಳನ್ನು ಜೀಪಿನಲ್ಲಿ ಹಾಕಿಕೊಂಡು ನೇರಲಕೊಪ್ಪಕ್ಕೆ ಹೋಗಿ, ಪಂಚಾಯ್ತಿ ಕಟ್ಟೆಯ ಮೇಲೆ ನಿಂತು ಗಂಟಲು ಹರಿಯುವಷ್ಟು ಹೇಳಿದೆ. ಎಲ್ಲರೂ ಹೌದ್ರಿ, ಹೌದ್ರಿ ಅಂದರು. ಚೀಲ ಇಳಿಸಿಕೊಳ್ಳಲು ಒಬ್ಬರೂ ಬರಲಿಲ್ಲ.

ಕೊನೆಗೆ ಹಿಂದಿನಿಂದ ಒಂದು ಹೆಣ್ಣುದನಿ ಬಂತು. “ಮೇಡಮ್ಮೋರೆ, ಬೀಜ ತಂದೀರಿ. ಹಗ್ಗ ತಂದೀರೇನು?”

ಅದೇ ಹಾಲಮ್ಮ. ಪಂಚಾಯ್ತಿ ಮೆಂಬರು. ಐವತ್ತು ದಾಟಿದ ಹೆಂಗಸು, ಎತ್ತರದ ಆಳು, ಸೆರಗು ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡು ಜಗಳಕ್ಕೆ ಬಂದವರ ಹಾಗೆ ನಿಂತಿದ್ದಳು. ಆಮೇಲೆ ಗೊತ್ತಾಯಿತು, ಸುಮ್ಮನೆ ನಿಂತಾಗಲೂ ಆಕೆ ನಿಲ್ಲುವುದೇ ಹಾಗೆ.

ಹಗ್ಗ ಯಾಕೆ ಅಂತ ನನಗೆ ಹೊಳೆಯಲಿಲ್ಲ. ಆಕೆಯೇ ಕೈ ಹಿಡಿದು ಗದ್ದೆಬಯಲಿಗೆ ಕರೆದುಕೊಂಡು ಹೋಗಿ ತೋರಿಸಿದಳು. ಆ ಸೀಮೆಯಲ್ಲಿ ಭತ್ತ ಕೊಯ್ದು ಹೊರೆ ಮನೆ ಸೇರಿದ ಮಾರನೇ ದಿನದಿಂದ ದನ ಕಟ್ಟುವ ಪದ್ಧತಿಯೇ ಇಲ್ಲ. ಬೆಳಗಾದರೆ ಕಣ್ಣಿ ಬಿಚ್ಚುತ್ತಾರೆ, ದನ ತಾವೇ ಬಯಲಿಗೆ ಹೋಗಿ ಕೂಳೆ ಮೇಯ್ದು ಸಂಜೆ ತಾವೇ ಬರುತ್ತವೆ. ಅಜ್ಜನ ಕಾಲದಿಂದ ನಡೆದು ಬಂದದ್ದು. ಅಂಥಲ್ಲಿ ಒಬ್ಬ ಉದ್ದು ಚೆಲ್ಲಿದ ಅಂದರೆ ಊರ ದನಕ್ಕೆಲ್ಲ ಔತಣ ಹಾಕಿದ ಹಾಗೆ. ಈಚೆ ಊರಿನವರು ಕಟ್ಟಿದರೂ ಆಚೆ ಊರಿನವು ಬರುತ್ತವೆ. ನಡುವೆ ಇರುವುದು ಮೊಣಕಾಲುದ್ದ ನೀರಿನ ಹಳ್ಳ, ಅಷ್ಟೇ. ಬಯಲು ಒಂದೇ. ತಾಲೂಕು ಮಾತ್ರ ಎರಡು.

“ಹಾಗಾದ್ರೆ ಇದು ಆಗಲ್ಲ ಬಿಡಿ,” ಅಂದೆ. ಬಿಸಿಲಿಗೆ ನನ್ನ ತಲೆ ಸಿಡಿಯುತ್ತಿತ್ತು.

ಹಾಲಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಆಗಲ್ಲ ಅನ್ನೋದನ್ನ ಕಡೀಗೆ ಹೇಳೋಣಂತೆ. ಮೊದ್ಲು ಹೆಂಗೆ ಅಂತ ಹೇಳ್ರಿ.”

ಈ ಮಾತನ್ನು ನಾನು ಮುಂದೆ ಎಷ್ಟು ಸಲ ಕೇಳಿದೆನೋ! ಪಂಚಾಯ್ತಿಯ ಕಾರ್ಯದರ್ಶಿಗೆ, ಲೈನ್‌ಮ್ಯಾನ್‌ಗೆ, ಬಸ್ಸಿನ ಕಂಡಕ್ಟರಿಗೆ, ಗಂಡ ಮಲ್ಲಪ್ಪನಿಗೆ, ಎಲ್ಲರಿಗೂ ಇದೇ ಮಾತು. ಮಲ್ಲಪ್ಪ ಪಾಪ, ಮಾತು ಕಡಿಮೆ. “ಆಗಲ್ಲ ಅನ್ನೋ ಮಾತನ್ನ ಮದುವೆ ಆದ ವರ್ಷನೇ ಬಿಟ್ಟೆ ನಾನು,” ಅಂತ ನನ್ನ ಹತ್ತಿರ ಒಮ್ಮೆ ಹೇಳಿದ್ದ.

ಉದ್ದಿನ ಮೇಲೆ ಆಕೆಗೆ ಅಷ್ಟು ಹಟ ಯಾಕೆ ಅಂದರೆ, ಅದಕ್ಕೆ ಕಾರಣ ಊರಿನ ಅಂಗನವಾಡಿ. ಮೆಂಬರು ಅನ್ನುವ ಅಧಿಕಾರದಲ್ಲಿ ಆಕೆ ಮಧ್ಯಾಹ್ನದ ಹೊತ್ತಿಗೆ ಹೇಳದೆ ಕೇಳದೆ ಅಲ್ಲಿಗೆ ಹೋಗಿ, ಮಕ್ಕಳ ಪಂಕ್ತಿಯಲ್ಲೇ ಚಕ್ಕಳಬಕ್ಕಳ ಹಾಕಿ ಕೂತು ಸಾರು ಹಾಕಿಸಿಕೊಳ್ಳುತ್ತಿದ್ದಳು. ಒಂದು ದಿನ ನನ್ನನ್ನೂ ಕೂರಿಸಿದಳು. “ನೋಡ್ರಿ ಮೇಡಮ್ಮೋರೆ, ಈ ಸಾರಿನಾಗೆ ಬೇಳೆ ಹುಡುಕಾಕೆ ಬ್ಯಾಟ್ರಿ ಬೇಕು. ಆ ಹುಡುಗಿ ತಪ್ಪಲ್ಲ ಇದು, ಬಂದಷ್ಟು ಹಾಕ್ತಾಳೆ ಪಾಪ. ತಪ್ಪು ನಮ್ದು. ಕಣ್ಣು ಹಾಯೋ ಮಟ ಗದ್ದೆ ಇಟ್ಕಂಡು, ಮುಷ್ಟಿ ಬೇಳೆಗೆ ಯಾವ್ದೋ ಊರಿನ ಲಾರಿ ದಾರಿ ಕಾಯ್ತೀವಲ್ಲ, ನಾಚ್ಕಿ ಆಗ್ಬೇಕು ನಮಗೆ.” ಹೇಳುತ್ತ ಹೇಳುತ್ತ ಪಕ್ಕದ ಮಗುವಿನ ಮೂಗು ತನ್ನ ಸೆರಗಿನಲ್ಲೇ ಒರೆಸಿ, ಅದೇ ಕೈಯಲ್ಲಿ ಅದಕ್ಕೆ ಅನ್ನ ಕಲೆಸಿ ಕೊಟ್ಟಳು.

ಮೊದಲ ವರ್ಷ ಆಕೆ ಮಾಡಿದ್ದು ಊರ ಹಿಂದಿನ ಹಳೇ ದೊಡ್ಡಿಯನ್ನು ತೆರೆಸಿದ್ದು. ಹಿಂದಿನ ಕಾಲದಲ್ಲಿ ಪೈರು ಮೇಯ್ದ ದನವನ್ನು ಹಿಡಿದು ಕೂಡುತ್ತಿದ್ದ ಕಲ್ಲುಗೋಡೆಯ ಆವರಣ ಅದು. ಒಳಗೆ ಲಂಟಾನ ಬೆಳೆದು ಹಾವಿನ ಮನೆಯಾಗಿತ್ತು. ಊರಿನ ಮಹಿಳಾ ಸಂಘದ ಹೆಂಗಸರನ್ನು ಕಟ್ಟಿಕೊಂಡು ಕಡಿದು, ಸುಟ್ಟು, ಬಾಗಿಲು ಕೂರಿಸಿ, ಪಂಚಾಯ್ತಿಯ ಅಟ್ಟದಿಂದ ಹಳೇ ಬೀಗ ಹುಡುಕಿಸಿ ತಂದು ಹಾಕಿದಳು. ಉದ್ದು ಕೊಯ್ಯುವ ತನಕ ದನ ಬಿಡುವಂತಿಲ್ಲ, ಬಿಟ್ಟದ್ದು ಸಿಕ್ಕರೆ ದೊಡ್ಡಿಗೆ, ಬಿಡಿಸಿಕೊಳ್ಳಲು ದುಡ್ಡು ಬೇಡ, ಒಂದು ಹೊರೆ ಹುಲ್ಲು ತಂದು ಹಾಕಬೇಕು. ದಂಡದ ಹುಲ್ಲು ದೊಡ್ಡಿಯಲ್ಲಿರುವ ದನಕ್ಕೇ. ಬೀಗದಕೈ ಹಾಲಮ್ಮನ ಹತ್ತಿರ. ಊರೆಲ್ಲ ಒಪ್ಪಿತು. ನಾನು ಖುಷಿಯಿಂದ ಬೀಜ ಹಂಚಿದೆ.

ಹದಿನೈದು ದಿನ ಕಳೆದಿರಬೇಕು, ಪಕ್ಕದ ಮನೆಯ ಪುಟ್ಟವ್ವನ ಹಸು ಸಿಕ್ಕಿತು. ಮಧ್ಯಾಹ್ನ ದೊಡ್ಡಿಗೆ ಹಾಕಿದರು. ಸಂಜೆ ಹಾಲು ಕರೆಯುವ ಹೊತ್ತಿಗೆ ಮನೆಯಲ್ಲಿ ಅದರ ಎಳೆಗರು ಒಂದೇ ಸಮ ಕೂಗತೊಡಗಿತು. ದೊಡ್ಡಿಯಲ್ಲಿ ಹಸುವೂ ಕೂಗತೊಡಗಿತು. ಪುಟ್ಟವ್ವ ಹೊರೆಯನ್ನೂ ತರಲಿಲ್ಲ, ಕೇಳಲೂ ಬರಲಿಲ್ಲ. ಅಂಗಳದಲ್ಲಿ ಕರುವಿನ ಕೊರಳು ತಬ್ಬಿಕೊಂಡು ಕೂತುಬಿಟ್ಟಳು. ಹಾಲಮ್ಮ ಮನೆಯ ಒಳಗೆ ಹೊರಗೆ ಓಡಾಡಿ, ಕಿವಿ ಮುಚ್ಚಿಕೊಂಡು, ಕೊನೆಗೆ ತಾನೇ ಹೋಗಿ ಬೀಗ ತೆಗೆದಳು.

ಅಲ್ಲಿಗೆ ಮುಗಿಯಿತು. ಅವಳಿಗೆ ಬಿಟ್ಟೆ, ನನಗೂ ಬಿಡು ಅಂತ ಮಾರನೇ ದಿನದಿಂದ ಎಲ್ಲರೂ ಬಂದರು. ಎಲ್ಲರೂ ನೆಂಟರೇ. ಚಿಕ್ಕಮ್ಮನ ಮಗ, ವಾರಗಿತ್ತಿಯ ಅಣ್ಣ, ಬೀಗರ ಪೈಕಿ. ಸಂಕ್ರಾಂತಿ ಬರುವುದರೊಳಗೆ ಉದ್ದಿನ ಗದ್ದೆಗಳಲ್ಲಿ ಗೊರಸಿನ ಗುರುತು ಬಿಟ್ಟು ಬೇರೇನೂ ಉಳಿದಿರಲಿಲ್ಲ. ಹಾಲಮ್ಮ ಮುಚ್ಚಿಡುವವಳಲ್ಲ. ನನ್ನನ್ನು ಕರೆಸಿ ಬದುವಿನ ಮೇಲೆ ನಿಲ್ಲಿಸಿ ಎಲ್ಲ ತೋರಿಸಿದಳು.

“ಕರ ಕೂಗ್ತಿತ್ತು ಮೇಡಮ್ಮೋರೆ. ಹೆಂಗೆ ಸುಮ್ನೆ ಕುಂದ್ರಲಿ? ಇವತ್ತು ಕೂಗಿದ್ರೂ ತೆಗೀತೀನಿ ನಾನು. ನನ್ನ ಹಣೇಬರಹ ನನಗೆ ಗೊತ್ತೈತಿ.” ಒಂದು ಮುರಿದ ಉದ್ದಿನ ಗಿಡ ಕಿತ್ತು ಕೈಯಲ್ಲಿ ಹಿಡಿದುಕೊಂಡು ಆಚೆ ದಡ ನೋಡಿದಳು. “ನಮ್ಮೂರ ದನ ನಾವು ಹಿಡಿಯಾಕೆ ಬರಲ್ಲ. ನಮ್ಮ ದೊಡ್ಡಿ ಕೀಲಿ ಸಂಪಿಗೆಹಕ್ಲಿನವರ ಹತ್ರ ಇರ್ಬೇಕು. ಅವರ್ದು ನಮ್ಮ ಹತ್ರ.”

ನಾನು ನಕ್ಕುಬಿಟ್ಟೆ. ಆಕೆ ನಗಲಿಲ್ಲ. “ನಗ್ರಿ. ನಕ್ಕು ಮುಗಿದ ಮ್ಯಾಲೆ ಹೆಂಗೆ ಅಂತ ಹೇಳ್ರಿ.”

ಹೆಂಗೆ ಅನ್ನುವುದು ನನ್ನ ತಲೆಗೆ ಬಂತು. ಸೊರಬದಲ್ಲಿ ನನ್ನ ಹಾಗೇ ಕೆಲಸ ಮಾಡುತ್ತಿದ್ದವರು ಪ್ರಕಾಶ್. ಅವರಿಗೆ ಫೋನು ಮಾಡಿದರೆ, ಅವರದ್ದೂ ಇದೇ ಗೋಳು, ತಲೆಕೆಳಗಾಗಿ. ನಮ್ಮ ತಾಲೂಕಿಗೆ ಉದ್ದಿನ ಬೀಜ ಬಂದಿದೆ, ಮೇವಿಗೆ ಏನೂ ಇಲ್ಲ. ಅವರ ತಾಲೂಕಿಗೆ ಮೇವಿನ ಬೀಜ, ಒಣಹುಲ್ಲು ಎಲ್ಲ ಬಂದಿದೆ, ಉದ್ದು ಇಲ್ಲ. ದನ ಕಟ್ಟು ಅಂದರೆ ಮೇವು ಕೊಡಬೇಕು. ಮೇವು ಕೊಟ್ಟರೂ ಬಿತ್ತಲು ಬೀಜ ಬೇಕು. ಎರಡನ್ನೂ ಎರಡು ಊರಿಗೆ ಸಮನಾಗಿ ಹಂಚಿದರೆ ಕೆಲಸ ಸಲೀಸು. ಆದರೆ ಈ ತಾಲೂಕಿನ ಬೀಜ ಆ ತಾಲೂಕಿನ ಗದ್ದೆಗೆ ಬಿದ್ದರೆ ಅದನ್ನು ಯಾವ ಲೆಕ್ಕದಲ್ಲಿ ತೋರಿಸುವುದು? ಇಬ್ಬರೂ ಸೇರಿ ಬರೆದೆವು, ಓಡಾಡಿದೆವು, ಕಾದೆವು. ಶಿಕಾರಿಪುರದಿಂದ ಶಿವಮೊಗ್ಗಕ್ಕೆ ಹೋಗುವ ಬಸ್ಸಿನ ಕಿಟಕಿ ಪಕ್ಕದ ಸೀಟು ನನ್ನ ಹೆಸರಿಗೇ ಬರೆದಿಟ್ಟ ಹಾಗಾಗಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಎರಡೂ ತಾಲೂಕಿನ ಅಧಿಕಾರಿಗಳು, ಎರಡೂ ಪಂಚಾಯ್ತಿಯವರು ಒಂದೇ ಕೋಣೆಯಲ್ಲಿ ಕೂರುವ ದಿನ ಬಂತು. ಬೀಜ, ಮೇವು ಹಂಚಿಕೊಳ್ಳುವುದು, ದನ ಕಟ್ಟುವ ದಿನ ಎರಡೂ ಊರಿಗೆ ಒಂದೇ ಇಡುವುದು, ಬಂದ ಉದ್ದನ್ನು ಸಂಘದಿಂದಲೇ ಎರಡೂ ಕಡೆಯ ಅಂಗನವಾಡಿಗೆ ಕೊಡುವುದು, ಎಲ್ಲ ಒಪ್ಪಿಗೆಯಾಯಿತು. ಹಿರಿಯ ಅಧಿಕಾರಿಯೊಬ್ಬರು ಪ್ರಾದೇಶಿಕ ಸಹಕಾರ, ಸಮನ್ವಯ ಅಂತ ಬಹಳ ಚೆನ್ನಾಗಿ ಮಾತಾಡಿದರು. ಮುಗಿಯಿತು ಅಂತ ಎಲ್ಲರೂ ಚಹಾದ ಕಡೆ ನೋಡುತ್ತಿರುವಾಗ ಹಾಲಮ್ಮ ಎದ್ದಳು.

“ಸಮನ್ವಯ ಅಂದ್ರೆ ಏನ್ರಿ ಸಾಹೇಬ್ರೆ? ನಮ್ಮ ಕೀಲಿ ಅವರಿಗೆ ಕೊಡೋದು, ಅವರ ಕೀಲಿ ನಾವು ಇಟ್ಕಳದು. ಹೌದಿಲ್ಲೋ?” ಅಂದು ನೇರಲಕೊಪ್ಪದ ದೊಡ್ಡಿಯ ಬೀಗದಕೈಯನ್ನು ಸೊಂಟದಿಂದ ಬಿಚ್ಚಿ ಮೇಜಿನ ಮೇಲೆ ಟಣ್ಣನೆ ಇಟ್ಟಳು. “ನಾ ಕೊಟ್ಟೆ. ಈಗ ಅವರ್ದು ಅವರು ಇಡಲಿ.”

ಆ ಅಧಿಕಾರಿ ಒಳ್ಳೆಯವರು. ಆ ಬೀಗದಕೈಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು, ಆಮೇಲೆ ಜೋರಾಗಿ ನಕ್ಕರು. “ಇದಕ್ಕೆ ಯಾವ ಕಾನೂನೂ ಅಡ್ಡ ಇಲ್ಲಮ್ಮ. ಪಂಚಾಯ್ತಿಗಳು ಒಪ್ಪಿದರೆ ಸರಿ,” ಅಂದರು.

ಸಂಪಿಗೆಹಕ್ಲಿನವರು ಕಣ್ಣು ಮಿಟುಕಿಸುವಷ್ಟರಲ್ಲಿ ಒಪ್ಪಿದರು. ಅಷ್ಟೇ ಅಲ್ಲ, ತಮ್ಮ ದೊಡ್ಡಿಯ ಕೀಲಿ ಹಾಲಮ್ಮನೇ ಇಟ್ಟುಕೊಳ್ಳಲಿ, ಬೇರೆ ಯಾರೂ ಬೇಡ ಅಂತ ಒತ್ತಾಯ ಮಾಡಿದರು. ಅವರ ಉತ್ಸಾಹ ನನಗೆ ಆಶ್ಚರ್ಯವಾಯಿತು. ಹೊರಗೆ ಬಂದ ಮೇಲೆ ಪ್ರಕಾಶ್ ಗುಟ್ಟು ಹೇಳಿದರು. ಹಾಲಮ್ಮನ ತವರು ಸಂಪಿಗೆಹಕ್ಲು. ಊರ ಮಗಳು. ತವರಿನ ದನವನ್ನು ಯಾವ ಮಗಳು ದೊಡ್ಡಿಗೆ ಹಾಕುತ್ತಾಳೆ? ಅದು ಅವರ ಲೆಕ್ಕಾಚಾರ.

ಆ ಸುಗ್ಗಿಯಿಂದ ಹಾಲಮ್ಮ ದಿನಾ ಬೆಳಗ್ಗೆ ಸೀರೆ ಎತ್ತಿಕೊಂಡು ಹಳ್ಳ ದಾಟತೊಡಗಿದಳು. ಆಚೆ ಊರಿನಲ್ಲಿ ಎಲ್ಲರಿಗೂ ಹಾಲಕ್ಕ. ದಾರಿಯುದ್ದಕ್ಕೂ “ಬಾರೆ ಹಾಲಕ್ಕ, ಒಂದ್ ಲೋಟ ಮಜ್ಜಿಗೆ ಕುಡ್ಕಂಡು ಹೋಗು” ಅನ್ನುವವರೇ. ಆಕೆ ಮಜ್ಜಿಗೆ ಕುಡಿಯುವಳು, ಮಜ್ಜಿಗೆ ಕೊಟ್ಟವರ ದನವನ್ನು ಅದೇ ಮಧ್ಯಾಹ್ನ ದೊಡ್ಡಿಗೆ ಹೊಡೆದುಕೊಂಡು ಹೋಗುವಳು. ಅಲ್ಲಿಯ ಕರುವಿನ ಕೂಗು ಆಕೆಗೆ ಕೇಳಿಸುತ್ತಿರಲಿಲ್ಲ, ಸಂಜೆಗೆ ಆಕೆ ಈಚೆ ದಡದಲ್ಲಿರುತ್ತಿದ್ದಳು. ಹಾಲು ಕೊಡುವ ಹಸು ಸಿಕ್ಕರೆ ಮಾತ್ರ ಕತ್ತಲಾಗುವುದರೊಳಗೆ ಹೊರೆ ತರಿಸಿ ಹಸು ಬಿಟ್ಟೇ ಹೊರಡುವುದು ಅಂತ ತಾನೇ ಒಂದು ಕಟ್ಟಳೆ ಮಾಡಿಕೊಂಡಿದ್ದಳು. ಈಚೆ ನೇರಲಕೊಪ್ಪದಲ್ಲಿ ಸಂಪಿಗೆಹಕ್ಲಿನ ಒಬ್ಬ ಮುದುಕ ಬಂದು ಹೀಗೇ ಕಾಯುತ್ತಿದ್ದ. ಎರಡೂ ಊರಿನಲ್ಲಿ ಉದ್ದು ಕಾಲೂರಿ ನಿಂತಿತು, ಹೂವು ಬಿಟ್ಟಿತು.

ಆಗ ಸಿಕ್ಕಿದ್ದು ನಿಂಗಪ್ಪನ ಎತ್ತು. ನಿಂಗಪ್ಪ ಹಾಲಮ್ಮನ ಒಡಹುಟ್ಟಿದ ತಮ್ಮ, ಇರುವವನು ಒಬ್ಬನೇ. ಜೋಡಿ ಎತ್ತುಗಳು ಯಾರದೋ ಹೂವಿನ ಉದ್ದಿನಲ್ಲಿ ಹೊಟ್ಟೆ ಬಿರಿಯ ಮೇಯುತ್ತಿದ್ದವು. ನಾನೂ ಪ್ರಕಾಶರೂ ಅವತ್ತು ಬೆಳೆ ನೋಡಲು ಹೋಗಿದ್ದೆವು. ನಮ್ಮ ಕಣ್ಣೆದುರೇ ಹಾಲಮ್ಮ ಆ ಎತ್ತುಗಳನ್ನು ಗುರುತಿಸಿದಳು. ಒಂದು ಕ್ಷಣ ನಿಂತಳು. ಆಮೇಲೆ “ಹೈ, ನಡೀರಿ” ಅಂತ ಅಟ್ಟಿಕೊಂಡು ಹೋಗಿ ದೊಡ್ಡಿಗೆ ಕೂಡಿ ಬೀಗ ಹಾಕಿದಳು.

ನಿಂಗಪ್ಪ ಓಡಿ ಬಂದ. ಊರೆಲ್ಲ ಹಿಂದೆ ಬಂತು.

“ಅಕ್ಕಾ, ಬೀಗ ತೆಗಿ.”

“ಹೊರೆ ಎಲ್ಲಿ?”

“ಯಾವ ಹೊರೆ ಮಾರಾಯ್ತಿ? ನನ್ನ ಎತ್ತು ಕಣೆ ಇವು.”

“ಗೊತ್ತೈತಿ. ಅದರಾಗೆ ಬಿಳೇದು ಕರು ಇದ್ದಾಗ ಹಾಲು ಕುಡಿಸಿದ್ದು ನಾನೇ. ಹೊರೆ ತಗಂಬಾ.”

ನಿಂಗಪ್ಪನ ಮುಖ ಕೆಂಪಾಯಿತು. “ಅಪ್ಪ ಅವ್ವ ಹೋದ ಮೇಲೆ ಈ ಊರಲ್ಲಿ ನಿನಗೆ ತವರು ಅಂತ ಇರೋದು ನಾನೊಬ್ನೆ. ಅದನ್ನ ನೆಪ್ಪಲ್ಲಿ ಇಟ್ಕಂಡು ಮಾತಾಡು.”

“ಅದಕ್ಕೇ ಹೇಳಾಕತ್ತೀನಿ ತಮ್ಮಾ. ನಿನಗೆ ಬಿಟ್ರೆ ನಾಳೆಯಿಂದ ಯಾರ ಮುಂದೆ ಬೀಗ ಹಾಕ್ಲಿ ನಾನು?”

ಅವನು ಮನೆಗೆ ಹೋಗಿ, ಆಳಿನ ಕೈಲಿ ಕಳಿಸಬಹುದಿತ್ತು, ಕಳಿಸಲಿಲ್ಲ, ತಾನೇ ಒಂದು ಹೊರೆ ಹುಲ್ಲನ್ನು ತಲೆಯ ಮೇಲೆ ಹೊತ್ತು ಊರ ನಡುಬೀದಿಯಲ್ಲಿ ಬಂದು ಅಕ್ಕನ ಕಾಲ ಬಳಿ ದೊಪ್ಪನೆ ಎಸೆದ. ಆಕೆ ಬೀಗ ತೆಗೆದಳು. ಎತ್ತು ಹೊಡೆದುಕೊಂಡು ಹೋಗುವಾಗ ತಿರುಗಿ ಸಹ ನೋಡಲಿಲ್ಲ ಅವನು.

ಆ ದಿನದಿಂದ ಸಂಪಿಗೆಹಕ್ಲಿನಲ್ಲಿ ಒಂದು ದನವೂ ಸಿಗಲಿಲ್ಲ. ಸ್ವಂತ ತಮ್ಮನಿಗೇ ಬಿಡದವಳು ನಮ್ಮನ್ನು ಬಿಡುತ್ತಾಳೆಯೇ ಅಂತ ಎಲ್ಲರೂ ಕಣ್ಣಿ ಬಿಗಿ ಮಾಡಿದರು. ಎರಡೂ ಊರಿನಲ್ಲಿ ಉದ್ದು ಬಂತು. ಅಂಗನವಾಡಿಯ ಸಾರಿನಲ್ಲಿ ಸೌಟು ಅಲ್ಲಾಡಿಸಲು ಕಷ್ಟ ಆಗುವಷ್ಟು ಬೇಳೆ ಬಿತ್ತು. ಹಾಲಮ್ಮ ಪಂಕ್ತಿಯಲ್ಲಿ ಕೂತು ಎರಡು ಸಲ ಹಾಕಿಸಿಕೊಂಡಳು. ಜಿಲ್ಲೆಯಿಂದ ಬಂದವರು ಫೋಟೊ ತೆಗೆದುಕೊಂಡು ಹೋದರು. ಎಲ್ಲ ಸರಿ. ನಿಂಗಪ್ಪ ಮಾತ್ರ ಅಕ್ಕನ ಊರಿನ ಕಡೆ ತಲೆ ಹಾಕಲಿಲ್ಲ.

ಆ ವರ್ಷ ಗೌರಿ ಹಬ್ಬದ ದಿನ ನಾನು ಯಾವುದೋ ಕೆಲಸಕ್ಕೆ ಆ ದಾರಿಯಲ್ಲಿ ಬಂದವಳು ಹಾಲಮ್ಮನ ಮನೆಗೆ ಹೋದೆ. ಹಬ್ಬದ ಸೀರೆ ಉಟ್ಟು ಜಗಲಿಯ ಮೇಲೆ ಮೊರ ಇಟ್ಟುಕೊಂಡು ಉದ್ದು ಆರಿಸುತ್ತ ಕೂತಿದ್ದಳು. ಹಬ್ಬದ ದಿನ ಯಾರಾದರೂ ಉದ್ದು ಆರಿಸುತ್ತಾರೆಯೇ? ಮೊರದಲ್ಲಿ ಒಂದು ಕಲ್ಲಾಗಲಿ ಹೊಟ್ಟಾಗಲಿ ಇರಲಿಲ್ಲ. ಕಣ್ಣು ಮಾತ್ರ ಹಳ್ಳದ ದಾರಿಯ ಮೇಲೆ. ತವರಿನ ಬಾಗಿನ ಬರುವ ದಾರಿ ಅದು. ಪ್ರತಿ ವರ್ಷ ನಿಂಗಪ್ಪ ತಾನೇ ತರುತ್ತಿದ್ದನಂತೆ. ಮಧ್ಯಾಹ್ನ ಹೋಗಿ ಸಂಜೆಯಾಯಿತು. ಯಾರೂ ಬರಲಿಲ್ಲ.

ಹಾಲಮ್ಮ ಅತ್ತಳು. ನಾನು ಮೊದಲ ಸಲ ನೋಡಿದ್ದು. ಸದ್ದಿಲ್ಲದೆ, ಮೊರದೊಳಕ್ಕೇ ಕಣ್ಣೀರು ಬೀಳಿಸುತ್ತ ಅತ್ತಳು.

“ತಪ್ಪು ಮಾಡಿದ್ನಾ?” ಅಂದಳು.

“ಇಲ್ಲ ಹಾಲಮ್ಮ,” ಅಂದೆ.

“ನಿಮ್ಮನ್ನ ಕೇಳ್ಲಿಲ್ಲ ಮೇಡಮ್ಮೋರೆ, ನನ್ನನ್ನೇ ಕೇಳ್ಕಂಡೆ.” ಸೆರಗಿನಿಂದ ಮುಖ ಉಜ್ಜಿಕೊಂಡು ಮೊರ ಎತ್ತಿಕೊಂಡಳು. “ತಪ್ಪಲ್ಲ ಅದು. ಅವನಿಗೂ ಗೊತ್ತೈತಿ ತಪ್ಪಲ್ಲ ಅಂತ. ಗೊತ್ತಿರೋದಕ್ಕೇ ಇಷ್ಟು ಸಿಟ್ಟು. ಏಳ್ರಿ, ಹೋಳಿಗೆ ತಿನ್ನೋರಂತೆ.”

ಮುಂದಿನ ಸುಗ್ಗಿಗೆ ಎರಡೂ ಊರಿನವರು ಹಳ್ಳದ ದಂಡೆಯ ಮೇಲೆ ಸೇರಿದಾಗ, ನೇರಲಕೊಪ್ಪ ಕಾಯುತ್ತಿದ್ದ ಮುದುಕ ಕಾಲುನೋವು ಅಂತ ಕೈ ಎತ್ತಿದ. ಹೊಸಬರು ಬೇಕಾಯಿತು. ಹಿಂದೆ ನಿಂತಿದ್ದ ನಿಂಗಪ್ಪ ಮುಂದೆ ಬಂದು, “ಆ ಕೀಲಿ ನನಗೆ ಕೊಡ್ರಿ” ಅಂದ.

ಜನರಲ್ಲಿ ಗುಸುಗುಸು ಎದ್ದಿತು. ಸೇಡು ತೀರಿಸಲು ಬಂದಿದ್ದಾನೆ, ಊರ ದನವನ್ನೆಲ್ಲ ಕೂಡಿ ಹಾಕುತ್ತಾನೆ, ಕೊಡುವುದು ಬೇಡ ಅಂತ ನೇರಲಕೊಪ್ಪದವರು ಗಲಾಟೆ ತೆಗೆದರು. ಹಾಲಮ್ಮ ತಮ್ಮನ ಮುಖ ನೋಡದೆಯೇ ಹೇಳಿದಳು: “ಕೊಡ್ರಿ ಅವನಿಗೆ. ಸಿಟ್ಟಿರೋನು ಕಾವಲಿಗೆ ಕುಂತು ತೂಕಡ್ಸಲ್ಲ.”

ನಿಜವಾಗಿಯೂ ತೂಕಡಿಸಲಿಲ್ಲ ಅವನು. ದಿನಾ ಬೆಳಗ್ಗೆ ಅಕ್ಕ ಆಚೆ ಹೋಗುವಾಗ ತಮ್ಮ ಈಚೆ ಬರುವನು. ಹಳ್ಳದ ನಡುವೆ ಇಬ್ಬರೂ ಎದುರಾಗುವರು. ಮಾತಿಲ್ಲ. ಟಣ್ ಟಣ್ ಅಂತ ಎರಡು ಬೀಗದಕೈಗಳ ಸದ್ದು ಅಷ್ಟೇ. ನೋಡಿದವರಿಗೆ ನಗಬೇಕೋ ಅಳಬೇಕೋ ತಿಳಿಯುತ್ತಿರಲಿಲ್ಲ.

ಒಂದು ದಿನ ಪುಟ್ಟವ್ವ ಓಡುತ್ತ ಬಂದು, “ಹಾಲವ್ವಾ, ನಿನ್ನ ಕೆಂಪಿ ದೊಡ್ಡಿಯಾಗೈತಿ” ಅಂದಳು. ಕೆಂಪಿ ಹಾಲಮ್ಮನ ಹಸು. ಕಣ್ಣಿ ಹರಿದುಕೊಂಡು ಹೋಗಿ ಉದ್ದಿಗೆ ಬಾಯಿ ಹಾಕಿತ್ತಂತೆ. ಅವತ್ತು ನಾನು ಅಲ್ಲೇ ಇದ್ದೆ. ಈ ಹೆಂಗಸು ಸಿಟ್ಟಾಗುತ್ತಾಳೆ ಅಂದುಕೊಂಡರೆ, ಮುಖ ಹೂವಿನ ಹಾಗೆ ಅರಳಿತು! ಹಿತ್ತಲಿಗೆ ಓಡಿ, ಬಣವೆಯಿಂದ ಹುಲ್ಲು ಹಿರಿದು, ಹೊರೆ ಕಟ್ಟಿ, ಮಲ್ಲಪ್ಪ ಎತ್ತಲು ಬಂದರೆ ಅವನನ್ನು ಗದರಿಸಿ ದೂರ ತಳ್ಳಿ, ತಾನೇ ತಲೆಯ ಮೇಲೆ ಹೊತ್ತು ಹೊರಟಳು.

ನಿಂಗಪ್ಪ ದೊಡ್ಡಿಯ ಬಾಗಿಲಲ್ಲಿ ಕಾಲು ಮೇಲೆ ಕಾಲು ಹಾಕಿ ಕೂತಿದ್ದ.

“ಯಾರ ದನ?” ಅಂದ, ಎಲ್ಲೋ ನೋಡುತ್ತ.

“ನಂದು.”

“ಕಟ್ಟಾಕೋದಲ್ವಾ?”

“ಕಟ್ಟಿದ್ದೆ. ಹರ್ಕಂಡೈತಿ.”

“ಹರ್ಕಂಡ್ರೆ ಹೊಸ ಕಣ್ಣಿ ಹಾಕ್ಬೇಕು.” ಹೊರೆಯನ್ನು ನೋಡಿದ. “ಇದು ಸಣ್ಣ ಆಯ್ತು. ನಾನು ತಂದಿದ್ದು ಇದ್ರ ಎರಡರಷ್ಟಿತ್ತು.”

“ನೀ ಸಿಟ್ಟಿನಾಗೆ ತಂದಿದ್ದೆ. ಅದಕ್ಕೇ ದೊಡ್ಡದಿತ್ತು,” ಅಂದಳು ಹಾಲಮ್ಮ. “ನಾನು ಸಂತೋಷಕ್ಕೆ ತಂದೀನಿ ಕಣೋ ನಿಂಗಾ.”

ನಿಂಗಪ್ಪ ಎದ್ದು ಬೀಗ ತೆಗೆದ. ತೆಗೆಯಲು ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ಬಗ್ಗಿಕೊಂಡೇ ಇದ್ದ. ಕೆಂಪಿ ಹೊರಗೆ ಬಂತು. “ಊಟಕ್ಕೆ ಬಾ,” ಅಂದಳು ಅಕ್ಕ. “ಕೆಲಸದ ಮೇಲಿದೀನಿ,” ಅಂದ ತಮ್ಮ. ಆದರೆ ಸಂಜೆ ಬೀಗ ಎಳೆದು ನೋಡಿ, ಭದ್ರ ಮಾಡಿಕೊಂಡು, ಹಳ್ಳದ ಕಡೆ ತಿರುಗದೆ ಅಕ್ಕನ ಮನೆಯ ಕಡೆ ತಿರುಗಿದ. ಆ ರಾತ್ರಿ ಉದ್ದಿನ ವಡೆ ತಿಂದದ್ದು ತಿಂದದ್ದೇ ಅಂತ ಮಲ್ಲಪ್ಪ ನನಗೆ ಹೇಳಿದ.

ಆಮೇಲೆ ಹಾಲಮ್ಮನಿಗೆ ಹಳ್ಳದ ಕೆಳಗಿನ ಊರುಗಳ ಹುಚ್ಚು ಹಿಡಿಯಿತು. ಹಳ್ಳ ಎಲ್ಲಿಯ ತನಕ ಹರಿಯುತ್ತದೋ ಅಲ್ಲಿಯ ತನಕ ಇದನ್ನು ಮಾಡಬೇಕು ಅನ್ನುವುದು ಆಕೆಯ ಲೆಕ್ಕ. ನನ್ನ ಸ್ಕೂಟರಿನ ಹಿಂದೆ ಅಡ್ಡ ಕೂತು ಬರುವಳು. ಗುಂಡಿ ಬಂದಾಗಲೆಲ್ಲ ಆ ಬೀಗದಕೈ ನನ್ನ ಬೆನ್ನಿಗೆ ಬಡಿಯುತ್ತಿತ್ತು, ಅದನ್ನು ಮನೆಯಲ್ಲಿಟ್ಟು ಬಾ ತಾಯಿ ಅಂದರೆ ಕೇಳುತ್ತಿರಲಿಲ್ಲ. ನಾವು ಕೊನೆಯ ಸಲ ಹೋದ ಊರಿನಲ್ಲಿ ಜನ ನಮ್ಮನ್ನು ಕೂರಿಸಿ, ಚಹಾ ಕೊಟ್ಟು, ಎಲ್ಲ ಕೇಳಿ, ಇದು ನಮ್ಮಲ್ಲಿ ಆಗಲ್ಲ ಅಂತ ಕೈ ಮುಗಿದರು. ವಾಪಸು ಬರುವಾಗ ನನಗೆ ಬೇಸರವಾಗಿತ್ತು. ಹಾಲಮ್ಮ ಹಿಂದಿನಿಂದ ನನ್ನ ಹೆಗಲು ತಟ್ಟಿದಳು. “ಕುರ್ಚಿ ಹಾಕಿ ಕುಂದ್ರಿಸಿ ಆಗಲ್ಲ ಅಂದ್ರಲ್ಲ ಮೇಡಮ್ಮೋರೆ. ನಮ್ಮೂರಾಗೆ ನಿಮ್ಮನ್ನ ಬಿಸಿಲಾಗೆ ನಿಂದ್ರಿಸಿದ್ವಿ. ಇವರು ಬೇಗ ದಾರಿಗೆ ಬರ್ತಾರೆ, ನೋಡ್ತಿರ್ರಿ.” ನೇರಲಕೊಪ್ಪದ ತಿರುವಿನಲ್ಲಿ ಇಳಿದು, ಮುಂದಿನ ವಾರ ಮತ್ತೆ ಹೋಗೋಣ ಅಂತ ಕೈ ಆಡಿಸಿದಳು.

ಆ ವಾರ ಮುಗಿಯುವ ಮೊದಲೇ ಪ್ರಕಾಶರ ಫೋನು ಬಂತು. ಹಾಲಮ್ಮ ಬೆಳಗಿನ ಜಾವ ಎದೆನೋವು ಅಂದಳಂತೆ. ಶಿಕಾರಿಪುರದ ಆಸ್ಪತ್ರೆಯ ದಾರಿಯಲ್ಲೇ ಪ್ರಾಣ ಹೋಯಿತಂತೆ.

ನಾನು ಹೋಗುವ ಹೊತ್ತಿಗೆ ಎರಡೂ ಊರು ಆ ಅಂಗಳದಲ್ಲಿತ್ತು. ಜನ ರಸ್ತೆಯ ತನಕ ನಿಂತಿದ್ದರು. ಹಾಲಮ್ಮನನ್ನು ಜಗಲಿಯ ಕೆಳಗೆ ಮಲಗಿಸಿದ್ದರು, ಹಣೆಯ ತುಂಬ ಕುಂಕುಮ. ಸ್ನಾನ ಮಾಡಿಸುವಾಗ ಬಿಚ್ಚಿದ ಬೀಗದಕೈಯನ್ನು ಯಾರೋ ತಲೆಯ ಹತ್ತಿರ ಇಟ್ಟಿದ್ದರು. ಎಲ್ಲ ಸಿದ್ಧವಾಗಿತ್ತು. ತವರಿನ ಸೀರೆ ಮಾತ್ರ ಬಂದಿರಲಿಲ್ಲ. ಹೆಣ್ಣುಮಗಳು ಸತ್ತರೆ ತವರಿನವರು ತಂದು ಹೊದಿಸುವ ಸೀರೆ. ಅದು ಬರದೆ ಎತ್ತುವಂತಿಲ್ಲ. ನಿಂಗಪ್ಪನಿಗೆ ಬೆಳಗ್ಗೆಯೇ ಸುದ್ದಿ ಹೋಗಿದೆ, ನಡುವೆ ಇರುವುದು ಒಂದು ಹಳ್ಳ, ಮಧ್ಯಾಹ್ನವಾದರೂ ಅವನ ಸುಳಿವಿಲ್ಲ. ಬಿಸಿಲು ಏರಿದ ಹಾಗೆ ಜನರ ಬಾಯಿಯೂ ಏರಿತು. ಎತ್ತಿನ ಸಿಟ್ಟು ಇನ್ನೂ ಒಳಗೇ ಇತ್ತೇನೋ ಅಂದರು ಒಬ್ಬರು. ಇಂಥ ದಿನಾನೂ ಹಿಂಗಾ ಅಂದರು ಇನ್ನೊಬ್ಬರು. ಮಲ್ಲಪ್ಪ ತಲೆ ತಗ್ಗಿಸಿ ಕೂತಿದ್ದ.

ಕೊನೆಗೆ ಬಂದ ನಿಂಗಪ್ಪ. ಮೊಣಕಾಲಿನ ತನಕ ಕೆಸರು, ಪಂಚೆಯ ತುಂಬ ಮುಳ್ಳುಹುಲ್ಲು, ಹೆಗಲ ಮೇಲೆ ಹಸಿರು ಸೀರೆಯ ಗಂಟು. ಏದುಸಿರು ಬಿಡುತ್ತಿದ್ದ.

“ಎಲ್ಲಿದ್ಯೋ ನಿಂಗಪ್ಪ ಇಷ್ಟೊತ್ತು?” ಅಂದ ಮಲ್ಲಪ್ಪ.

“ಎರಡೂ ಊರು ಇಲ್ಲೇ ಐತಲ್ಲ ಭಾವ. ಬಯಲು ಯಾರು ನೋಡ್ಬೇಕು? ಉದ್ದು ಕಾಯಿ ಕಚ್ಚೈತೆ.” ಅವನು ಅಕ್ಕನ ತಲೆಯ ಹತ್ತಿರ ಮಂಡಿಯೂರಿ ಕೂತ. ಕಿವಿಯ ಹತ್ತಿರ ಬಾಗಿ, ಆಕೆಗೆ ಕೇಳಿಸಬೇಕು ಅನ್ನುವ ಹಾಗೆ ಗಟ್ಟಿಯಾಗಿ ಹೇಳಿದ. “ಅಕ್ಕಾ, ಆಚೆ ಈಚೆ ಎಲ್ಲಾ ಸುತ್ತಿ ಬಂದೆ. ಒಂದ್ ದನ ಹೊರಗಿಲ್ಲ. ಅಷ್ಟು ಅವಸರದಲ್ಲಿ ಬಂದ್ರೂ ಎಲ್ಲರೂ ಕಟ್ಟೇ ಬಂದವ್ರೆ ಕಣೆ.”

ನನಗೆ ಮುಂದಿನದು ಸ್ವಲ್ಪ ಹೊತ್ತು ಏನೂ ಕಾಣಿಸಲಿಲ್ಲ, ಕಣ್ಣು ತುಂಬಿ ಬಂದಿತ್ತು. ಅವನು ಸೀರೆ ಬಿಚ್ಚಿ ಅಕ್ಕನಿಗೆ ಹೊದಿಸಿದ, ಕಾಲಿನ ತನಕ ಎಳೆದು ಸರಿ ಮಾಡಿದ. ಎದ್ದು ನಿಲ್ಲುವಾಗ ಅಲ್ಲಿದ್ದ ಬೀಗದಕೈ ಕಣ್ಣಿಗೆ ಬಿತ್ತು. ಎತ್ತಿಕೊಂಡ. ಅದು ಅವನ ಊರಿನದೇ ಬೀಗದಕೈ. ಒಂದು ಗಳಿಗೆ ಮುಷ್ಟಿಯಲ್ಲಿ ಹಿಡಿದು ನಿಂತವನು ನೇರಲಕೊಪ್ಪದವರ ಕಡೆ ತಿರುಗಿದ.

“ಇದು ನಮ್ಮ ದೊಡ್ಡೀದು. ನಮ್ಮ ಹತ್ರ ಇರಂಗಿಲ್ಲ,” ಅಂದ. “ನಾಳೆ ಬೆಳಗ್ಗೆ ಆಚೆಗೆ ಯಾರು ಬರ್ತೀರಿ?”

ಪುಟ್ಟವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮುಂದೆ ಬಂದು ಕೈ ಚಾಚಿದಳು.